ಕಮಾಂಡ್ ಲೈನಿಗೆ ರೋಬೋಟ್ ವ್ಯಾಕ್ಯೂಮ್ ಓಗೊಡದಿದ್ದರೆ: ದೋಷ ಹುಡುಕುವ ಕೈಪಿಡಿ

ಬೆಳಿಗ್ಗೆ ಆರೂವರೆಗೆ ಕೆಳಮನೆಯ ಪಡಸಾಲೆಯಲ್ಲಿ ಯಂತ್ರ ತಾನಾಗಿ ಎದ್ದು ಕಸ ಹೊಡೆಯಬೇಕಿತ್ತು. ಎದ್ದಿರಲಿಲ್ಲ. ನಾನು ಮೇಲಿನ ಮನೆಯಿಂದ ಇಳಿದು ಬರುವಷ್ಟರಲ್ಲಿ ಅವ್ವ ಕಸಬರಿಗೆ ಹಿಡಿದು ಬಾಗಿದ್ದಳು. ಮೊಣಕಾಲು ಸವೆದಿವೆ, ಬಾಗಿ ಕೆಲಸ ಮಾಡಬಾರದು ಎಂದು ಡಾಕ್ಟರ್ ಹೇಳಿದ ಮೇಲೆಯೇ ಈ ಯಂತ್ರ ಕಲಬುರಗಿಯ ನಮ್ಮ ಮನೆಗೆ ಬಂದದ್ದು. "ನಿನ್ನ ಆಮಿ ಇವತ್ತೂ ಏಳವಲ್ದು ನೋಡಪಾ" ಅಂದಳು, ಯಂತ್ರವನ್ನೇ ಆಮೆ ಎಂದು ಕರೆದು. ಆ ವಾರದಲ್ಲಿ ಅದು ಮೂರನೇ ಸಲ.

ದೋಷ ಕೊನೆಗೂ ಸಿಕ್ಕಿತು, ಆದರೆ ಎರಡು ವಾರ ಹಿಡಿಯಿತು. ಅಷ್ಟು ದಿನ ಹೋದದ್ದು ದೋಷ ಕಠಿಣವಾಗಿತ್ತು ಎಂದಲ್ಲ. ಎಲ್ಲಿ ಹುಡುಕಬೇಕು ಎಂದು ಗೊತ್ತುಮಾಡಿಕೊಳ್ಳುವ ಮೊದಲೇ ಕೈ ಹಾಕಿದ್ದರಿಂದ. ರೀಸೆಟ್ ಮಾಡಿದೆ, ಟೂಲ್ ತೆಗೆದು ಮತ್ತೆ ಹಾಕಿದೆ, ರೂಟರ್ ಬದಲಿಸುವವರೆಗೂ ಹೋಗಿದ್ದೆ. ಅದೇ ದಾರಿಯಲ್ಲಿ ಮತ್ತೊಬ್ಬರು ನಡೆಯಬಾರದು ಎಂದು, ಯಾವ ಕ್ರಮದಲ್ಲಿ ನೋಡಿದ್ದರೆ ಅರ್ಧ ತಾಸಿನಲ್ಲಿ ಮುಗಿಯುತ್ತಿತ್ತೋ ಆ ಕ್ರಮದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ಜೋಡಣೆ

ಯಂತ್ರ ಶಿಯೋಮಿಯ ಮಿ ಹೋಮ್ ಆ್ಯಪ್‌ಗೆ ಸೇರುವ ಜಾತಿಯದು. ದೇವರ ಮನೆಯ ಗೋಡೆಗೆ ಒಂದು ರಾಸ್ಪ್‌ಬೆರಿ ಪೈ, ಅಂದರೆ ಅಂಗೈಯಗಲದ ಕಂಪ್ಯೂಟರ್, ಕೂರಿಸಿ, ಅದರಿಂದ ಒಂದು ಬಟನ್ ಹೊರಗೆ ತಂದಿದ್ದೇನೆ. ಅವ್ವ ಒಮ್ಮೆ ಒತ್ತಿದರೆ ಯಂತ್ರ ಶುರು, ಮತ್ತೊಮ್ಮೆ ಒತ್ತಿದರೆ ಮರಳಿ ತನ್ನ ಜಾಗಕ್ಕೆ. ಬೆಳಗಿನ ಹೊತ್ತಿಗೆ ಕ್ರಾನ್, ಅಂದರೆ ಗೊತ್ತಾದ ಹೊತ್ತಿಗೆ ಆಜ್ಞೆ ನಡೆಸುವ ಪೈಯೊಳಗಿನ ವ್ಯವಸ್ಥೆ, ಎಬ್ಬಿಸುತ್ತದೆ. ಆ್ಯಪ್ ತೆರೆದು ನಾಲ್ಕು ಪರದೆ ದಾಟಿ ಸಣ್ಣ ಅಕ್ಷರ ಓದುವುದು ಅವಳ ಕಣ್ಣಿಗೆ ಆಗದು, ಬಟನ್ ಆಗುತ್ತದೆ. ಕಮಾಂಡ್ ಲೈನ್, ಅಂದರೆ ಆ್ಯಪ್ ಬಿಟ್ಟು ಆಜ್ಞೆಯನ್ನು ಟೈಪ್ ಮಾಡಿ ಕೊಡುವ ದಾರಿ, ಬೇಕಾದದ್ದು ಇಷ್ಟಕ್ಕೇ.

ಮಾತಾಡಿಸುವ ಟೂಲ್ ಪೈಥಾನ್-ಮಿಯೋ. ಅದರ ಜೊತೆ ಮಿರೋಬೋ ಎಂಬ ಆಜ್ಞೆ ಬರುತ್ತದೆ. ಕೆಳಗೆ ಆಜ್ಞೆಗಳನ್ನು ಉಚ್ಚರಿಸುವಂತೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಮಿರೋಬೋ ಸ್ಟೇಟಸ್ ಎಂದರೆ ಸ್ಥಿತಿ, ಮಿರೋಬೋ ಸ್ಟಾರ್ಟ್ ಎಂದರೆ ಶುರು, ಮಿರೋಬೋ ಹೋಮ್ ಎಂದರೆ ಡಾಕ್‌ಗೆ (ಚಾರ್ಜ್ ಆಗುವ ತನ್ನ ಜಾಗಕ್ಕೆ) ವಾಪಸ್, ಮಿರೋಬೋ ಫೈಂಡ್ ಎಂದರೆ ಎಲ್ಲಿದ್ದೀ ಎಂದು ಕೂಗಿ ಕೇಳುವುದು. ಪ್ರತಿಯೊಂದಕ್ಕೂ ಎರಡು ವಿಷಯ ಕೊಡಲೇಬೇಕು: ಯಂತ್ರದ ಐಪಿ ವಿಳಾಸ, ಅಂದರೆ ಮನೆಯ ನೆಟ್‌ವರ್ಕ್‌ನಲ್ಲಿ ಅದರ ಸಂಖ್ಯೆ, ಮತ್ತು ಅದರ ಟೋಕನ್, ಅಂದರೆ ನಮ್ಮ ಆಜ್ಞೆ ಒಪ್ಪಲು ಅದು ಕೇಳುವ ಗುಟ್ಟು.

ಮೊದಲು ಕೇಳಬೇಕಾದದ್ದು: ಮಾತು ಎಲ್ಲಿ ನಿಂತಿತು

ಯಂತ್ರ ಕೆಲಸ ಮಾಡಲಿಲ್ಲ ಎನ್ನುವುದು ಒಂದೇ ದೂರು, ಅದರೊಳಗೆ ಮೂರು ಬೇರೆ ರೋಗಗಳಿವೆ. ನಾವು ಕರೆದದ್ದು ಅದಕ್ಕೆ ಕೇಳಿಸಲೇ ಇಲ್ಲ. ಅಥವಾ ಕೇಳಿಸಿತು, ಆದರೆ ನಮ್ಮ ಗುರುತು ಒಪ್ಪಲಿಲ್ಲ. ಅಥವಾ ಕೇಳಿತು, ಒಪ್ಪಿತು, ನಾಲ್ಕು ಹೆಜ್ಜೆ ನಡೆದು ನಿಂತಿತು. ಮೂರಕ್ಕೂ ಔಷಧ ಬೇರೆ. ಮೊದಲನೆಯದಕ್ಕೆ ನೆಟ್‌ವರ್ಕ್ ನೋಡಬೇಕು, ಎರಡನೆಯದಕ್ಕೆ ಟೋಕನ್, ಮೂರನೆಯದಕ್ಕೆ ನೆಲದ ಮೇಲೆ ಮಂಡಿಯೂರಿ ಯಂತ್ರವನ್ನೇ ತಿರುವಿ ನೋಡಬೇಕು.

ಇಲ್ಲಿ ಬಹಳ ಜನ ಮೋಸ ಹೋಗುವುದು ಆ್ಯಪ್ ನೋಡಿ. "ಆ್ಯಪ್‌ನ್ಯಾಗ ಛಂದ ನಡೀತದಲ್ರಿ, ಮತ್ತ ನೆಟ್‌ವರ್ಕ್ ಸರಿ ಅದ ಅಂತಾಯ್ತು" ಎನ್ನುತ್ತಾರೆ. ಹಾಗಾಗುವುದಿಲ್ಲ. ಆ್ಯಪ್‌ನ ಮಾತು ಫೋನಿನಿಂದ ಕಂಪನಿಯ ಸರ್ವರ್‌ಗೆ ಹೋಗಿ ಅಲ್ಲಿಂದ ಯಂತ್ರಕ್ಕೆ ಇಳಿಯಬಹುದು. ಕಮಾಂಡ್ ಲೈನಿನ ಮಾತು ಮನೆಯೊಳಗೇ, ಪೈಯಿಂದ ಯಂತ್ರಕ್ಕೆ ನೇರ. ಒಂದು ದಾರಿ ತೆರೆದಿದ್ದರೆ ಇನ್ನೊಂದೂ ತೆರೆದಿದೆ ಎಂದು ಹೇಳಲು ಬರುವುದಿಲ್ಲ. ಆ್ಯಪ್ ನಡೆಯುತ್ತಿದೆ ಎಂದರೆ ಯಂತ್ರ ಜೀವಂತ ಇದೆ, ವೈಫೈ ಹಿಡಿದಿದೆ. ಅಷ್ಟೇ ತಿಳಿಯಿರಿ.

ಟೋಕನ್ ಇಲ್ಲದೆ ಕರೆದು ನೋಡುವುದು

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಪರೀಕ್ಷೆ ಇದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಈ ಜಾತಿಯ ಯಂತ್ರಗಳು ಯುಡಿಪಿ ಪೋರ್ಟ್ 54321ರಲ್ಲಿ, ಅಂದರೆ ನೆಟ್‌ವರ್ಕ್‌ನ ಆ ಸಂಖ್ಯೆಯ ಬಾಗಿಲಲ್ಲಿ, ಕಿವಿ ಕೊಟ್ಟು ಕೂತಿರುತ್ತವೆ. ಯಾವ ಆಜ್ಞೆ ಕೊಡುವ ಮೊದಲೂ ಟೂಲ್ ಒಂದು ಹಲೋ ಪ್ಯಾಕೆಟ್, ಅಂದರೆ ಪುಟ್ಟ ಸಂದೇಶ, ಕಳಿಸುತ್ತದೆ. ಅದು 32 ಬೈಟ್ ಉದ್ದ. ಮೊದಲ ನಾಲ್ಕು ಬೈಟ್ 21 31 00 20, ಉಳಿದ 28 ಬೈಟ್ ಪೂರ್ತಿ ಎಫ್‌ಎಫ್. 2131 ಎನ್ನುವುದು ಈ ಭಾಷೆಯ ಗುರುತು, 0020 ಎಂದರೆ ಹದಿನಾರರ ಲೆಕ್ಕದಲ್ಲಿ 32, ಅಂದರೆ ಪ್ಯಾಕೆಟ್‌ನ ಉದ್ದ. ಈ ಹಲೋಗೆ ಟೋಕನ್ ಬೇಕಿಲ್ಲ. ಬಾಗಿಲ ಹೊರಗೆ ನಿಂತು "ಮನ್ಯಾಗ ಯಾರದೀರಿ" ಎಂದು ಕೂಗಿದಂತೆ. ಕೂಗಿದವರು ಯಾರೇ ಆಗಲಿ, ಒಳಗಿದ್ದವರು ಓ ಅನ್ನುತ್ತಾರೆ.

ಟೂಲ್‌ನ ಹಂಗಿಲ್ಲದೆ ಕೈಯಿಂದಲೇ ಇದನ್ನು ಕಳಿಸಬಹುದು. ಎಕೋ ಜೊತೆ ಹೊಸ ಸಾಲು ಬೇಡವೆಂಬ ಎನ್ ಸೂಚನೆ ಕೊಟ್ಟು 21310020 ಬರೆದು, ಮುಂದೆ 56 ಎಫ್ ಅಕ್ಷರ ಸೇರಿಸಿ. ಅದನ್ನು ಪೈಪ್ ಮೂಲಕ ಎಕ್ಸ್‌ಎಕ್ಸ್‌ಡಿಗೆ ಆರ್ ಮತ್ತು ಪಿ ಸೂಚನೆಗಳೊಂದಿಗೆ ಕೊಟ್ಟು ಬೈಟ್ ಮಾಡಿ. ಅಲ್ಲಿಂದ ನೆಟ್‌ಕ್ಯಾಟ್‌ಗೆ, ಅಂದರೆ ಎನ್‌ಸಿಗೆ, ಯು ಸೂಚನೆ, ಯಂತ್ರದ ಐಪಿ, 54321. ಬಂದ ಉತ್ತರವನ್ನು ಓದಲು ಕೊನೆಯಲ್ಲಿ ಮತ್ತೊಮ್ಮೆ ಎಕ್ಸ್‌ಎಕ್ಸ್‌ಡಿ. ಯಂತ್ರಕ್ಕೆ ಕೇಳಿಸಿದ್ದರೆ 2131 0020 ಎಂದೇ ಶುರುವಾಗುವ 32 ಬೈಟ್ ವಾಪಸ್ ಬರುತ್ತದೆ. ಅದರಲ್ಲಿ ಯಂತ್ರದ ಗುರುತಿನ ಸಂಖ್ಯೆ ಇರುತ್ತದೆ, ಬೆನ್ನಿಗೇ ಏರುತ್ತ ಹೋಗುವ ಕಾಲದ ಎಣಿಕೆ ಇರುತ್ತದೆ. ಮುಂದಿನ ಪ್ರತಿ ಆಜ್ಞೆಯೂ ಈ ಎಣಿಕೆಗೆ ಹೊಂದಿಕೊಂಡೇ ಹೋಗಬೇಕು. ಹಾಗಾಗಿ ಹಲೋ ಬಿಟ್ಟು ಆಜ್ಞೆ ಇಲ್ಲ.

ಹಲೋಗೆ ಉತ್ತರ ಬಂದರೆ ನೆಟ್‌ವರ್ಕ್ ಬಿಟ್ಟು ಟೋಕನ್ ಕಡೆ ಹೋಗಿ. ಬರದಿದ್ದರೆ ಟೋಕನ್ ಮುಟ್ಟಲೇಬೇಡಿ.

ಹಲೋಗೂ ಉತ್ತರ ಇಲ್ಲ

ಮೊದಲು ಐಪಿ. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಇದ್ದದ್ದೇ, ಬೇಸಿಗೆಯ ಗಾಳಿ ಮಳೆಯಲ್ಲಂತೂ ಕೇಳಬೇಡಿ. ಇನ್ವರ್ಟರ್‌ಗೆ ಸೇರಿಸದ ರೂಟರ್ ಪ್ರತಿ ಸಲ ಎದ್ದಾಗ ವಿಳಾಸಗಳನ್ನು ಹೊಸದಾಗಿ ಹಂಚಬಹುದು. ನಿನ್ನೆ ಯಂತ್ರಕ್ಕಿದ್ದ ವಿಳಾಸ ಇವತ್ತು ಟಿವಿಗೆ ಹೋಗಿರುತ್ತದೆ, ನಾವು ಟಿವಿಯನ್ನು ಕಸ ಹೊಡಿ ಎನ್ನುತ್ತಿರುತ್ತೇವೆ. ರೂಟರ್‌ನ ಪುಟ ತೆರೆದು ಯಂತ್ರದ ಮ್ಯಾಕ್ ವಿಳಾಸಕ್ಕೆ, ಅಂದರೆ ಅದರ ಹಾರ್ಡ್‌ವೇರ್‌ನ ಗುರುತಿಗೆ, ಒಂದು ಐಪಿ ಕಾಯಂ ಮಾಡಿ. ಎರಡು ನಿಮಿಷದ ಕೆಲಸ, ಇದನ್ನು ಮಾಡದೆ ಮುಂದಿನದ್ಯಾವುದನ್ನೂ ನೋಡಬೇಡಿ.

ಆಮೇಲೆ ಒಂದೇ ನೆಟ್‌ವರ್ಕ್‌ನಲ್ಲಿ ಇದ್ದೀರಾ ನೋಡಿ. ಕೆಳಗೆ ಫೈಬರ್‌ನವರು ಕೊಟ್ಟ ಪೆಟ್ಟಿಗೆ, ಮೇಲೆ ನಾವೇ ಕೊಂಡು ಹಾಕಿದ ಇನ್ನೊಂದು ರೂಟರ್, ಇದು ಎರಡಂತಸ್ತಿನ ಮನೆಗಳಲ್ಲಿ ಮಾಮೂಲು. ಕೆಳಗಿನದು 192.168.1 ಎಂದು ಶುರುವಾಗುವ ವಿಳಾಸ ಕೊಟ್ಟರೆ ಮೇಲಿನದು 192.168.0 ಎಂದು ಕೊಡುತ್ತದೆ. ಇಂಟರ್ನೆಟ್ ಎರಡೂ ಕಡೆ ಬರುತ್ತದೆ, ಹಾಗಾಗಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಈ ಯಂತ್ರಗಳು ತಮ್ಮ ಸಬ್‌ನೆಟ್ (ಹೀಗೆ ಒಂದೇ ಥರ ಶುರುವಾಗುವ ವಿಳಾಸಗಳ ಗುಂಪು) ಬಿಟ್ಟು ಬೇರೆ ಕಡೆಯಿಂದ ಬಂದ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ವಿಪಿಎನ್ ಮೂಲಕ ಬೇರೆ ಊರಿನಿಂದ ಬಂದವರಿಗೂ ಇದೇ ಗತಿ. ಪಿಂಗ್‌ಗೆ ಉತ್ತರ ಕೊಟ್ಟ ಯಂತ್ರವೇ ಹಲೋಗೆ ಸುಮ್ಮನಿರುತ್ತದೆ, ಅದೇ ಇದರ ಲಕ್ಷಣ. ನಾನು ಹೊರಗಿದ್ದಾಗ ಮೊದಲು, ದೂರದಿಂದ ಟರ್ಮಿನಲ್ ತೆರೆಯುವ ಎಸ್‌ಎಸ್‌ಎಚ್ ಮೂಲಕ ಪೈ ಒಳಗೆ ಬರುತ್ತೇನೆ, ಆಜ್ಞೆಯನ್ನು ಅಲ್ಲಿಂದಲೇ ಕೊಡುತ್ತೇನೆ. ಹಾಗೆ ಮಾಡಲಾಗದವರು ನಡುವಿನ ರೂಟರ್‌ನಲ್ಲಿ ನ್ಯಾಟ್ ಮಾಡಿ, ಮಾತು ಒಳಗಿನಿಂದಲೇ ಬಂತೆಂದು ಯಂತ್ರಕ್ಕೆ ಅನಿಸುವಂತೆ ಮಾಡಬಹುದು.

ಯಂತ್ರವನ್ನು ಅತಿಥಿಗಳ ವೈಫೈಗೆ ಹಾಕಿದವರು ರೂಟರ್‌ನಲ್ಲಿ ಐಸೋಲೇಶನ್ ಎಂಬ ಆಯ್ಕೆ ಹುಡುಕಿ. ಅದು ಚಾಲೂ ಇದ್ದರೆ ಒಂದು ಸಾಧನ ಇನ್ನೊಂದನ್ನು ನೋಡಲಾರದು, ಎರಡೂ ಇಂಟರ್ನೆಟ್ ಮಾತ್ರ ನೋಡುತ್ತವೆ. ಬಹಳಷ್ಟು ಮಾಡೆಲ್‌ಗಳು 2.4 ಗಿಗಾಹರ್ಟ್ಸ್ ಪಟ್ಟಿಯನ್ನಷ್ಟೇ ಹಿಡಿಯುತ್ತವೆ ಎಂಬುದೂ ನೆನಪಿರಲಿ.

ಹಲೋ ಬರುತ್ತದೆ, ಆಜ್ಞೆ ನಡೆಯದು

ಬೀದರಿನಿಂದ ಸೋದರಮಾವ ಫೋನ್ ಮಾಡಿದ್ದರು. ಅವರ ಮನೆಯಲ್ಲೂ ಇಂಥದ್ದೇ ಯಂತ್ರ, ಪೈಯನ್ನು ನಾನೇ ಹೋಗಿ ಹಾಕಿ ಬಂದಿದ್ದೆ. "ಏ ತಮ್ಮಾ, ನಿನ್ನೆತನಕ ಛಂದ ನಡದಿತ್ತು. ಇವತ್ತ ಏನ್ ಮಾಡಿದ್ರೂ ಉಸಿರೇ ಬಿಡವಲ್ದು." ಹಲೋ ಕಳಿಸಿ ನೋಡಿ ಎಂದೆ, 32 ಬೈಟ್ ಬಂತು. ಮಿರೋಬೋ ಸ್ಟೇಟಸ್ ಮಾತ್ರ ಉತ್ತರ ಇಲ್ಲ ಎಂದು ನಿಲ್ಲುತ್ತಿತ್ತು. "ಮಾವಾ, ನಿನ್ನೆಯಿಂದ ಇವತ್ತಿಗೆ ಮನ್ಯಾಗ ಏನರ ಬದಲಾತೇನು?" "ಏನೂ ಇಲ್ಲಪಾ. ವೈಫೈ ಪಾಸ್‌ವರ್ಡ್ ಹುಡುಗರು ಬದ್ಲಿ ಮಾಡ್ಯಾರ, ಅಷ್ಟ."

ಅಷ್ಟೇ ಸಾಕಾಗಿತ್ತು. ಪಾಸ್‌ವರ್ಡ್ ಬದಲಾದ ಮೇಲೆ ಯಂತ್ರದ ವೈಫೈ ರೀಸೆಟ್ ಮಾಡಿ ಆ್ಯಪ್‌ಗೆ ಮತ್ತೆ ಸೇರಿಸಿದ್ದರು. ಹಾಗೆ ಸೇರಿಸಿದಾಗ ಯಂತ್ರಕ್ಕೆ ಹೊಸ ಟೋಕನ್ ಹುಟ್ಟುತ್ತದೆ. ಪೈಯಲ್ಲಿ ಹಳೆಯದೇ ಕೂತಿತ್ತು.

ಟೋಕನ್ ಎಂದರೆ 16 ಬೈಟ್‌ನ ಗುಟ್ಟು, ಬರೆದಾಗ 32 ಅಕ್ಷರ, ಸೊನ್ನೆಯಿಂದ ಒಂಬತ್ತು ಮತ್ತು ಎಯಿಂದ ಎಫ್ ಮಾತ್ರ. ನಾವು ಕಳಿಸುವ ಪ್ರತಿ ಆಜ್ಞೆಯನ್ನೂ ಟೂಲ್ ಎಇಎಸ್-128ರಲ್ಲಿ ಬೀಗ ಹಾಕಿ ಕಳಿಸುತ್ತದೆ, ಆ ಬೀಗದ ಕೀಲಿ ಈ ಟೋಕನ್‌ನ ಎಂಡಿ5 ಮೊತ್ತ. ಟೋಕನ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ಕೀಲಿ ಪೂರ್ತಿ ಬೇರೆ. ತಪ್ಪು ಕೀಲಿಯಲ್ಲಿ ಮುಚ್ಚಿದ ಮಾತು ಬಂದರೆ ಯಂತ್ರ ಸಾಮಾನ್ಯವಾಗಿ ಬೈಯುವುದೂ ಇಲ್ಲ, ಸುಮ್ಮನಾಗಿಬಿಡುತ್ತದೆ. ಅದಕ್ಕೇ ಟೋಕನ್ ದೋಷ ನೋಡಲಿಕ್ಕೆ ನೆಟ್‌ವರ್ಕ್ ದೋಷದಂತೆಯೇ ಕಾಣುತ್ತದೆ, ಹಲೋ ಒಂದೇ ಅವೆರಡನ್ನೂ ಬೇರ್ಪಡಿಸುವುದು.

ಹೊಸ ಟೋಕನ್ ತರಲು ಮಿಯೋಸಿಎಲ್‌ಐ ಕ್ಲೌಡ್ ಎಂಬ ಆಜ್ಞೆ ಇದೆ, ನಿಮ್ಮ ಮಿ ಖಾತೆಯ ಹೆಸರು ಪಾಸ್‌ವರ್ಡ್ ಕೇಳಿ ಸಾಧನಗಳ ಪಟ್ಟಿ ಕೊಡುತ್ತದೆ. ಪಟ್ಟಿ ಖಾಲಿ ಬಂದರೆ ಗಾಬರಿ ಬೇಡ. ಆ್ಯಪ್‌ನಲ್ಲಿ ಯಾವ ದೇಶದ ಸರ್ವರ್ ಆರಿಸಿ ಯಂತ್ರ ಸೇರಿಸಿದ್ದಿರೋ ಆ ದೇಶದಲ್ಲೇ ಅದು ಇರುತ್ತದೆ. ಕೆಲವರು ಶುರುವಿನಲ್ಲಿ ಚೀನಾ ಅಥವಾ ಸಿಂಗಪುರ ಆರಿಸಿ ಮರೆತಿರುತ್ತಾರೆ. ಹಳೆಯ ಐಫೋನ್ ಬ್ಯಾಕಪ್‌ನಿಂದ ತೆಗೆದ ಟೋಕನ್ 96 ಅಕ್ಷರ ಇದ್ದರೆ ಅದಕ್ಕೆ ಇನ್ನೊಂದು ಮುಸುಕು ಇದೆ ಎಂದು ತಿಳಿಯಿರಿ, ಅದನ್ನು ಬಿಚ್ಚದೆ ಹಾಗೇ ಹಾಕಿದರೆ ನಡೆಯದು. ಟೋಕನ್ ಸಿಕ್ಕವರ ಕೈಗೆ ನಿಮ್ಮ ಯಂತ್ರವೂ ಸಿಗುತ್ತದೆ. ಸ್ಕ್ರೀನ್‌ಶಾಟ್ ಹಾಕಿ ಸಹಾಯ ಕೇಳುವಾಗ ಆ ಸಾಲು ದಯವಿಟ್ಟು ಮುಚ್ಚಿ.

ಟೋಕನ್ ಸರಿ ಇದ್ದೂ ಯಂತ್ರ "ಈ ವಿಧಾನ ಗೊತ್ತಿಲ್ಲ" ಎಂದು ಉತ್ತರಿಸಿದರೆ ಅದು ಹೊಸ ಪೀಳಿಗೆಯದು. ಮಿಯಾಟ್ ಎಂಬ ಬೇರೆ ನುಡಿಗಟ್ಟಿನಲ್ಲಿ ಮಾತಾಡುತ್ತದೆ, ಅದಕ್ಕೆ ಮಿಯೋಸಿಎಲ್‌ಐ ಜೆನೆರಿಕ್‌ಮಿಯಾಟ್ ಬಳಸಬೇಕು. ರೋಬೋರಾಕ್‌ನ ಸ್ವಂತ ಆ್ಯಪ್‌ಗೆ ಸೇರಿಸಿದ ಯಂತ್ರಗಳಿಗಂತೂ ಈ ದಾರಿಯೇ ಅಲ್ಲ, ಅವಕ್ಕೆ ಬೇರೆ ಟೂಲ್ ಇದೆ. ರೂಂಬಾ ಇರುವವರಿಗೆ ಇನ್ನೂ ಒಂದು ಮಾತು: ಅದು ಮನೆಯೊಳಗಿನ ಸಂಪರ್ಕ ಒಂದು ಸಲಕ್ಕೆ ಒಂದನ್ನೇ ಒಪ್ಪುತ್ತದೆ. ಫೋನಿನಲ್ಲಿ ಆ್ಯಪ್ ತೆರೆದೇ ಇದ್ದರೆ ಟರ್ಮಿನಲ್‌ಗೆ ಜಾಗ ಸಿಗದು. ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ಪ್ರಯತ್ನಿಸಿ.

ಕೈಯಿಂದ ಕೊಟ್ಟರೆ ನಡೆಯುತ್ತದೆ, ಕ್ರಾನ್ ಕೊಟ್ಟರೆ ಇಲ್ಲ

ಇದಕ್ಕೆ ಯಂತ್ರದ ತಪ್ಪೇನಿಲ್ಲ. ಐಪಿಯನ್ನೂ ಟೋಕನ್ನನ್ನೂ ಪ್ರತಿ ಸಲ ಬರೆಯುವುದು ತಪ್ಪಲೆಂದು ಮಿರೋಬೋ ಐಪಿ, ಮಿರೋಬೋ ಟೋಕನ್ ಎಂಬ ಪರಿಸರ ಚರಗಳನ್ನು, ಅಂದರೆ ಹೆಸರಿಟ್ಟು ಉಳಿಸಿದ ಮೌಲ್ಯಗಳನ್ನು (ಈ ಹೆಸರುಗಳು ಮಾತ್ರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಎರಡು ಪದಗಳ ನಡುವೆ ಅಡಿಗೆರೆ), ಟರ್ಮಿನಲ್ ತೆರೆದಾಗ ಓದುವ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಇಟ್ಟಿರುತ್ತೇವೆ. ಕ್ರಾನ್ ಆ ಫೈಲ್ ಓದುವುದಿಲ್ಲ. ಪೈಥಾನ್ ಟೂಲ್ ಹಾಕುವ ಪಿಪ್ ಮೂಲಕ ಬಂದ ಮಿರೋಬೋ ಮನೆ ಡೈರೆಕ್ಟರಿಯ ಒಳಗಿನ ಬಿನ್‌ನಲ್ಲಿ ಕೂತಿದ್ದರೆ ಕ್ರಾನ್‌ಗೆ ಅದೂ ಕಾಣದು. ಆಜ್ಞೆಯ ಪೂರ್ತಿ ದಾರಿ ಬರೆಯಿರಿ, ಎರಡೂ ಚರಗಳನ್ನು ಕ್ರಾನ್‌ಟ್ಯಾಬ್ ಎಂಬ ಕ್ರಾನ್‌ನ ಪಟ್ಟಿಯ ಮೇಲ್ಭಾಗದಲ್ಲೇ ಬರೆಯಿರಿ, ಬಂದ ದೋಷದ ಮಾತೆಲ್ಲ ಒಂದು ಲಾಗ್ ಫೈಲ್‌ಗೆ ಬೀಳುವಂತೆ ಮಾಡಿ. ಇನ್ನೊಂದು: ಪ್ರತಿ ಆಜ್ಞೆಗೂ ಏರುವ ಕ್ರಮಸಂಖ್ಯೆ ಇರುತ್ತದೆ, ಮಿರೋಬೋ ಅದನ್ನು ಬಳಕೆದಾರನ ಕ್ಯಾಶ್ ಫೋಲ್ಡರ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನೀವು ಒಬ್ಬ ಬಳಕೆದಾರ, ಕ್ರಾನ್ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿದ್ದರೆ ಎರಡು ಬೇರೆ ಲೆಕ್ಕ ನಡೆಯುತ್ತವೆ, ಒಮ್ಮೆ ಬಳಸಿದ ಸಂಖ್ಯೆ ಮತ್ತೆ ಬಂದರೆ ಯಂತ್ರ ಆ ಮಾತು ಬಿಟ್ಟುಬಿಡಬಹುದು. ಇಬ್ಬರಿಗೂ ಐಡಿ-ಫೈಲ್ ಎಂಬ ಆಯ್ಕೆ ಕೊಟ್ಟು ಒಂದೇ ಫೈಲ್ ತೋರಿಸಿ, ಅಥವಾ ಎಲ್ಲವನ್ನೂ ಒಬ್ಬನ ಹೆಸರಲ್ಲೇ ನಡೆಸಿ.

ನಮ್ಮ ಮನೆಯ ದೋಷ ಎಲ್ಲಿತ್ತು

ಐಪಿ ಕಾಯಂ ಇತ್ತು. ಟೋಕನ್ ಸರಿ ಇತ್ತು. ಕ್ರಾನ್ ಕೊಟ್ಟರೂ ನಾನು ಕೊಟ್ಟರೂ ಅದೇ ಕಥೆ: ಒಮ್ಮೆ ನಡೆಯುತ್ತದೆ, ಒಮ್ಮೆ ಟೈಮ್‌ಔಟ್. ಪೂರ್ತಿ ಕೆಟ್ಟದ್ದಾದರೆ ಹಿಡಿಯಬಹುದು, ಆಗಾಗ ಕೆಡುವುದನ್ನು ಹಿಡಿಯುವುದು ಕಷ್ಟ. ಅದಕ್ಕೆ ನೆನಪಿನ ಮೇಲೆ ಭರವಸೆ ಇಡುವುದು ಬಿಟ್ಟು, ಹತ್ತು ನಿಮಿಷಕ್ಕೊಂದು ಹಲೋ ಕಳಿಸಿ ಉತ್ತರ ಬಂದ ಹೊತ್ತು ಬರೆದಿಡುವ ಸಣ್ಣ ಸ್ಕ್ರಿಪ್ಟ್ ಬಿಟ್ಟೆ. ಜೊತೆಗೆ ಪೈ ಮೇಲೆ, ಹೋಗಿಬರುವ ಪ್ಯಾಕೆಟ್ ದಾಖಲಿಸುವ ಟಿಸಿಪಿಡಂಪ್ ಅನ್ನು ಪೋರ್ಟ್ 54321ಕ್ಕೆ ಕಟ್ಟಿ ಕೂರಿಸಿದೆ.

ಮರುದಿನ ಚಹಾ ಹಿಡಿದು ಲಾಗ್ ಓದಲು ಕೂತಾಗ ಒಂದು ಸಾಲು ಕಣ್ಣಿಗೆ ಹೊಡೆಯಿತು. ಹಲೋ ಹೋಗಿತ್ತು, ಟೂಲ್ 5 ಸೆಕೆಂಡ್ ಕಾದು ಕೈಬಿಟ್ಟಿತ್ತು. ಅದು ಅದರ ಮಾಮೂಲು ಗಡುವು. ಆದರೆ ಉತ್ತರ ಬಂದೇ ಇತ್ತು, ಗಡುವು ದಾಟಿದ ಮೇಲೆ. ಅಂದರೆ ಮಾತು ತಲುಪುತ್ತಿತ್ತು. ಯಂತ್ರ ಬೇರೇನೋ ಕಾಯುತ್ತ ನಿಂತಿತ್ತು.

ಏನು ಕಾಯುತ್ತಿತ್ತು ಎಂದು ತಿಳಿಯಲು ರೂಟರ್ ನೋಡಬೇಕಾಯಿತು. ಈ ಯಂತ್ರ ಲೇಸರ್ ತಿರುಗಿಸಿ ಮನೆಯ ನಕ್ಷೆ ಬಿಡಿಸುತ್ತದೆ. ಅವ್ವನ ಮಲಗುವ ಕೋಣೆ, ದೇವರ ಮನೆ, ಬಾಗಿಲು ಎಲ್ಲೆಲ್ಲಿವೆ ಎಂಬುದು ಹೊರಗಿನ ಸರ್ವರ್‌ಗೆ ಹೋಗುವುದು ನನಗೆ ಒಗ್ಗದೆ, ತಿಂಗಳ ಹಿಂದೆ ರೂಟರ್‌ನಲ್ಲಿ ಯಂತ್ರಕ್ಕೆ ಇಂಟರ್ನೆಟ್ ತಡೆಯುವ ನಿಯಮ ಹಾಕಿದ್ದೆ. ನಿಯಮ ಸರಿಯೇ. ತಡೆಯುವ ಬಗೆ ತಪ್ಪಿತ್ತು.

ರೂಟರ್‌ನ ಫೈರ್‌ವಾಲ್ ಎರಡು ಬಗೆಯಲ್ಲಿ ಬೇಡ ಎನ್ನಬಲ್ಲದು. ಒಂದು ಡ್ರಾಪ್: ಬಂದ ಪ್ಯಾಕೆಟ್ ಬಿಸಾಕಿ ಸುಮ್ಮನಿರುವುದು. ಇನ್ನೊಂದು ರಿಜೆಕ್ಟ್: ಆಗದು ಎಂದು ತಿರುಗಿ ಹೇಳಿ ಕಳಿಸುವುದು. ಬಾಗಿಲು ಬಡಿದವನಿಗೆ "ಇಲ್ಲಪಾ, ಮುಂದ ಹೋಗು" ಎಂದರೆ ಅವನು ತನ್ನ ದಾರಿ ಹಿಡಿಯುತ್ತಾನೆ. ಒಳಗಿದ್ದೂ ಸದ್ದಿಲ್ಲದೆ ಕೂತರೆ ಬಡಿಯುತ್ತಲೇ ನಿಲ್ಲುತ್ತಾನೆ. ನಾನು ಹಾಕಿದ್ದು ಡ್ರಾಪ್. ಈ ಯಂತ್ರದೊಳಗಿನ ಸಾಫ್ಟ್‌ವೇರ್ ತನ್ನ ಸರ್ವರ್‌ನ ಹೆಸರು ಹುಡುಕುತ್ತ, ಉತ್ತರ ಬಾರದಿದ್ದಾಗ ಅಲ್ಲೇ ಸಿಕ್ಕಿಕೊಂಡು, ಆ ಹೊತ್ತಿನಲ್ಲಿ ಮನೆಯೊಳಗಿನ ಕರೆಗೂ ಓಗೊಡುವುದಿಲ್ಲ. ಪೈಥಾನ್-ಮಿಯೋದ ದಸ್ತಾವೇಜಿನಲ್ಲೇ ಈ ಮಾತು ಬರೆದಿದೆ, ಅಲ್ಲಿ ಹೇಳುವ ಪರಿಹಾರವೂ ಇದೇ: ತಡೆಯುವುದಾದರೆ ಡ್ರಾಪ್ ಬಿಟ್ಟು ರಿಜೆಕ್ಟ್ ಮಾಡಿ.

ನನ್ನ ರೂಟರ್‌ನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಸಾಫ್ಟ್‌ವೇರ್ ಇದೆ. ಅದರ ಫೈರ್‌ವಾಲ್ ಪುಟದಲ್ಲಿ ನಿಯಮದ ಕ್ರಿಯೆಯನ್ನು ಡ್ರಾಪ್‌ನಿಂದ ರಿಜೆಕ್ಟ್‌ಗೆ ಬದಲಿಸಿದೆ. ಐಪಿಟೇಬಲ್ಸ್ ಬಳಸುವವರು ಫಾರ್ವರ್ಡ್ ಸರಪಳಿಯಲ್ಲಿ ಯಂತ್ರದ ಐಪಿಯನ್ನು ಮೂಲವಾಗಿ ಕೊಟ್ಟು ಗುರಿ ರಿಜೆಕ್ಟ್ ಎಂದು ಬರೆದರೆ ಆಯಿತು. ಬದಲಿಸಿದ್ದು ಒಂದೇ ಪದ. ಮರುದಿನ ಆರೂವರೆಗೆ ನಾನು ಇಳಿಯುವ ಮೊದಲೇ ಕೆಳಗಿನಿಂದ ಗುಂಯ್ ಎನ್ನುವ ಸದ್ದು ಬಂತು, ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು ಅದನ್ನೇ ಕೇಳಿದೆ. ಹತ್ತು ನಿಮಿಷದ ಹಲೋ ಲಾಗ್ ಇನ್ನೂ ನಡೆಯುತ್ತಿದೆ. ಆಮೇಲೆ ಅದರಲ್ಲಿ ಖಾಲಿ ಬಿದ್ದ ಸಾಲುಗಳು ಕರೆಂಟ್ ಹೋಗಿ ರೂಟರ್ ಸತ್ತ ಹೊತ್ತಿನವು ಮಾತ್ರ.

ಇಂಟರ್ನೆಟ್ ಪೂರ್ತಿ ಬೇಡ ಎನ್ನುವವರಿಗೆ ವಾಲೆಟುಡೋ ಎಂಬ ಇನ್ನೊಂದು ದಾರಿ ಇದೆ, ಯಂತ್ರದೊಳಗೇ ಕೂತು ಸರ್ವರ್‌ನ ಜಾಗ ತುಂಬುತ್ತದೆ. ಅದಕ್ಕೆ ಯಂತ್ರವನ್ನು ರೂಟ್ ಮಾಡಬೇಕು, ಕೆಲವು ಮಾಡೆಲ್‌ಗಳನ್ನು ಬಿಚ್ಚಲೂ ಬೇಕು. ಅವ್ವನ ದಿನದ ಕೆಲಸಕ್ಕೆ ನಿಂತ ಯಂತ್ರದ ಮೇಲೆ ಆ ಪ್ರಯೋಗ ನಾನು ಮಾಡಲಿಲ್ಲ.

ಒಪ್ಪಿಕೊಂಡು ನಡುಮನೆಯಲ್ಲಿ ನಿಲ್ಲುವುದು

ಮಾತಿನ ದೋಷ ತೀರಿದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಹೊರಬಂತು. ಯಂತ್ರ ಎದ್ದು, ಪಡಸಾಲೆ ಅರ್ಧ ಮುಗಿಸಿ, ನಿಂತಲ್ಲೇ ನಿಲ್ಲುತ್ತಿತ್ತು. ಇಲ್ಲಿ ಕಮಾಂಡ್ ಲೈನ್ ಬಹಳ ಉಪಕಾರಿ, ಏಕೆಂದರೆ ಸ್ಟೇಟಸ್ ಕೇಳಿದರೆ ಸಂಖ್ಯೆಯಲ್ಲೇ ಕಾರಣ ಹೇಳುತ್ತದೆ. ಸ್ಥಿತಿ 5 ಎಂದರೆ ಕಸ ಹೊಡೆಯುತ್ತಿದೆ, 6 ಎಂದರೆ ವಾಪಸ್ ಹೊರಟಿದೆ, 8 ಎಂದರೆ ಚಾರ್ಜ್ ಆಗುತ್ತಿದೆ, 12 ಎಂದರೆ ದೋಷ. ದೋಷಕ್ಕೆ ಮತ್ತೆ ತನ್ನದೇ ಸಂಖ್ಯೆ: 1 ಲೇಸರ್ ಸಂವೇದಕ, 5 ಮುಖ್ಯ ಬ್ರಶ್, 7 ಗಾಲಿ ಸಿಕ್ಕಿಕೊಂಡದ್ದು, 9 ಧೂಳಿನ ಡಬ್ಬಿ ಇಲ್ಲ, 13 ಚಾರ್ಜಿಂಗ್. ಪಲ್ಲಂಗದ ಕೆಳಗೆ ತಲೆ ಸಿಕ್ಕಿಸಿಕೊಂಡರೆ 1 ಬರುತ್ತದೆ. ನಮ್ಮಲ್ಲಿ ಒಮ್ಮೆ 5 ಬಂದಿತ್ತು, ದೇವರ ಮನೆ ಮುಂದೆ ಅವ್ವ ಹೊಸೆಯುವ ಬತ್ತಿಯ ಹತ್ತಿ. ಬ್ರಶ್ ಮೇಲೆ ಏನೂ ಕಾಣಲಿಲ್ಲ. ಅದರ ತುದಿಯ ಟೋಪಿ ಎಳೆದು ತೆಗೆದಾಗ ಒಳಗೆ ಎಳೆ ಮತ್ತು ಕೂದಲು ಸುತ್ತಿ ಸುತ್ತಿ ಗಟ್ಟಿ ಉಂಗುರವಾಗಿತ್ತು, ಸೂಜಿಯಿಂದ ಬಿಡಿಸಬೇಕಾಯಿತು.

ಈ ಸಲದ ಸಂಖ್ಯೆ 4. ಕೆಳಹೊಟ್ಟೆಯ ಅಂಚಿನಲ್ಲಿರುವ ಪಾತಾಳ ನೋಡುವ ಸಂವೇದಕಗಳು ಕೊಳೆಯಾಗಿವೆ, ಒರೆಸಿ ಬೇರೆ ಕಡೆ ಇಡಿ ಎಂದು ಅರ್ಥ. ಮೆತ್ತನೆ ಒಣ ಬಟ್ಟೆಯಿಂದ ಒರೆಸಿದೆ. ಮತ್ತೆ 4. ಪ್ರತಿ ಸಲ ನಿಲ್ಲುವ ಜಾಗವೂ ಒಂದೇ. ಆಗ ಯಂತ್ರ ಬಿಟ್ಟು ನೆಲ ನೋಡಿದೆ.

ನಮ್ಮ ಪಡಸಾಲೆಗೆ ಶಹಾಬಾದ್ ಫರಸಿ ಹಾಸಿದೆ, ಈ ಭಾಗದ ಹಳೆಯ ಮನೆಗಳಂತೆಯೇ. ಬೂದು ಬಣ್ಣದ ಸುಣ್ಣಕಲ್ಲು, ಬೇಸಿಗೆಗೆ ತಂಪು. ಅದರ ಮೇಲೆ ಯಂತ್ರ ಎಲ್ಲೂ ತಡವರಿಸುವುದಿಲ್ಲ. ಆದರೆ ಪಡಸಾಲೆಯ ಒಂದು ಕಡೆ, ಅಂಗಳಕ್ಕೆ ಇಳಿಯುವ ಅಂಚಿಗೆ, ಅಪ್ಪ ಇದ್ದಾಗ ಕಡಪಾ ಕಲ್ಲಿನ ಅಗಲ ಪಟ್ಟಿ ಹಾಕಿಸಿದ್ದರು. ಮಸಿಯಂಥ ಕಪ್ಪು, ಕನ್ನಡಿಯಂತೆ ಉಜ್ಜಿದ್ದು. ಸಂವೇದಕ ಅವಗೆಂಪು ಬೆಳಕು ಕೆಳಗೆ ಬಿಟ್ಟು ಅದು ನೆಲಕ್ಕೆ ತಾಗಿ ಮರಳುವುದನ್ನು ಕಾಯುತ್ತದೆ. ಮರಳಿದರೆ ನೆಲ ಇದೆ, ಮರಳದಿದ್ದರೆ ಕೆಳಗೆ ಗುಂಡಿ. ಕಪ್ಪು ಕಲ್ಲು ಆ ಬೆಳಕನ್ನು ನುಂಗುತ್ತದೆ. ಯಂತ್ರದ ಲೆಕ್ಕದಲ್ಲಿ ಅಲ್ಲಿ ನೆಲವೇ ಇಲ್ಲ.

ಸಂವೇದಕದ ಮೇಲೆ ಬಿಳಿ ಕಾಗದ ಅಂಟಿಸಿ ಎನ್ನುವ ಸಲಹೆ ಓಡಾಡುತ್ತದೆ. ಕಾಗದಕ್ಕೆ ತಾಗಿ ಬೆಳಕು ಮರಳಿ, ಎಲ್ಲ ಕಡೆ ನೆಲ ಇದೆ ಎಂದು ಯಂತ್ರ ನಂಬುತ್ತದೆ. ನಮ್ಮ ಪಡಸಾಲೆ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರ. ಆ ಪಟ್ಟಿ ದಾಟಿದರೆ ನಿಜವಾದ ಅಂಚೇ ಇದೆ. ಮೆಟ್ಟಿಲು, ಕಟ್ಟೆ ಇರುವ ಮನೆಯಲ್ಲಿ ಈ ಕೆಲಸ ಮಾಡಬೇಡಿ.

ಚಾರ್ಜಿಂಗ್ ದೋಷ 13 ಬೇಸಿಗೆಯ ಮಧ್ಯಾಹ್ನದಲ್ಲಷ್ಟೇ ಬರುತ್ತಿದ್ದರೆ ಮೊದಲು ಒಣ ಬಟ್ಟೆಯಿಂದ ಚಾರ್ಜಿಂಗ್ ತಗಡುಗಳನ್ನು ಒರೆಸಿ, ಆಮೇಲೆ ಡಾಕ್ ಇರುವ ಕೋಣೆಯ ಬಿಸಿ ನೋಡಿ. ಇಂಥ ಯಂತ್ರಗಳ ಕೈಪಿಡಿಗಳು 40 ಡಿಗ್ರಿ ಮೇಲೆ ಬಳಸಬೇಡಿ ಎನ್ನುತ್ತವೆ, ನಮ್ಮ ಮೇ ತಿಂಗಳು ಅದನ್ನು ದಾಟಿಯೇ ಹೋಗುತ್ತದೆ. ಬೆಳಗಿನ ಆರೂವರೆ ಆರಿಸಿದ್ದಕ್ಕೆ ಅದೂ ಒಂದು ಕಾರಣ. ಫಿಲ್ಟರ್‌ಗೆ ಯಂತ್ರ 150 ತಾಸಿನ ಆಯುಷ್ಯ ಎಣಿಸುತ್ತದೆ, ಮಿರೋಬೋ ಕನ್ಸ್ಯೂಮಬಲ್ಸ್ ಕೇಳಿದರೆ ಉಳಿದದ್ದು ತೋರುತ್ತದೆ. ತೊಗರಿ ರಾಶಿಯ ಹೊತ್ತಿನಲ್ಲಿ ಹೊಟ್ಟಿನ ಧೂಳು ಹಾರುವಾಗ ಆ ಎಣಿಕೆ ನಂಬದೆ ವಾರಕ್ಕೊಮ್ಮೆ ಬಡಿದು ಹಾಕಿ.

ಕಪ್ಪು ಪಟ್ಟಿಗೆ ನಾನು ಕಂಡುಕೊಂಡ ದಾರಿ, ಯಂತ್ರವನ್ನು ಅಲ್ಲಿಗೆ ಕಳಿಸದಿರುವುದು. ಸ್ಟಾರ್ಟ್ ಬದಲು ಝೋನ್ಡ್-ಕ್ಲೀನ್ ಎಂಬ ಆಜ್ಞೆ ಇದೆ, ಒಂದು ಆಯತದ ಎರಡು ಮೂಲೆಗಳ ಅಳತೆ ಕೊಟ್ಟರೆ ಅಷ್ಟರೊಳಗೇ ಕಸ ಹೊಡೆಯುತ್ತದೆ. ಅಳತೆ ಮಿಲಿಮೀಟರ್‌ನಲ್ಲಿ, ಡಾಕ್ ಇರುವ ಬಿಂದು 25500, 25500 ಎಂದು ಲೆಕ್ಕ. ಯಾವ ದಿಕ್ಕಿಗೆ ಏರುತ್ತದೆ, ಯಾವ ದಿಕ್ಕಿಗೆ ಇಳಿಯುತ್ತದೆ ಎಂಬುದು ನಿಮ್ಮ ಮನೆಯಲ್ಲೇ ತಿಳಿಯಬೇಕು, ಅದಕ್ಕೆ ಗೋಟೂ ಎಂಬ ಆಜ್ಞೆ. ಒಂದು ಭಾನುವಾರ ನಾನು ಟರ್ಮಿನಲ್ ಮುಂದೆ ಕೂತೆ, ಅವ್ವ ಖುರ್ಚಿ ಎಳೆದುಕೊಂಡು ಪಡಸಾಲೆಯಲ್ಲಿ ಕೂತಳು, ಕೈಯಲ್ಲಿ ಕೋಲಿಗೆ ಕಟ್ಟಿದ ಸೀಮೆಸುಣ್ಣ. ಗೋಟೂ 26500 25500 ಎಂದು ಕೊಟ್ಟೆ. ಯಂತ್ರ ಡಾಕ್ ಬಿಟ್ಟು ಒಂದು ಮೀಟರ್ ನಡೆದು ನಿಂತಿತು. "ಇಲ್ಲಿ ನಿಂತದ ನೋಡು" ಎಂದು ಅವ್ವ ಕೂತಲ್ಲಿಂದಲೇ ಫರಸಿ ಮೇಲೆ ಗೆರೆ ಎಳೆದಳು. ಹೀಗೆ ಒಂದೊಂದೇ ಹೆಜ್ಜೆ ಕಳಿಸುತ್ತ ಕಪ್ಪು ಪಟ್ಟಿಗೆ ಒಂದು ಗೇಣು ಉಳಿಯುವವರೆಗೆ ಹೋಗಿ, ನಾಲ್ಕೂ ಕಡೆ ಗೆರೆ ಬಿದ್ದ ಮೇಲೆ ಆ ಸಂಖ್ಯೆಗಳನ್ನು ಕ್ರಾನ್‌ನಲ್ಲೂ ಬಟನ್‌ನಲ್ಲೂ ಬರೆದೆ.

ಈ ಅಳತೆಯೆಲ್ಲ ಡಾಕ್‌ನಿಂದ ಹೊರಟದ್ದು. ಡಾಕ್ ಒಂದು ಗೇಣು ಸರಿದರೆ ಆಯತವೂ ಸರಿದು ಪಟ್ಟಿಯ ಮೇಲೆ ಬೀಳುತ್ತದೆ. ಅದಕ್ಕೆ ಡಾಕ್‌ನ ನಾಲ್ಕು ಮೂಲೆಗೂ ಬಿಳಿ ಪೇಂಟ್‌ನ ಚುಕ್ಕೆ ಇಟ್ಟಿದ್ದೇನೆ, ನೆಲ ಒರೆಸುವಾಗ ಸರಿದರೆ ಅವ್ವ ಕಾಲಿನಿಂದಲೇ ಚುಕ್ಕೆಗೆ ತಂದು ಕೂರಿಸುತ್ತಾಳೆ.